ಕಪ್ಪುಕುಳಿಯೂ ಕಥೆಯ ಕುಳಿಗಳೂ

ಕಥೆ ಹೇಳುವವನ ಎದುರಿಗೆ ಹೂಂಗುಟ್ಟುವವನೊಬ್ಬನಿರಬೇಕು ಎಂಬುದು ನಮ್ಮ ಹಳ್ಳಿಗಳ ಹಳೆಯ ಕಟ್ಟಳೆ. ಹೂಂಗುಟ್ಟುವವನಿಲ್ಲದಿದ್ದರೆ ಕಥೆ ಮುಂದೆ ಸಾಗದು. ಆದರೆ ಅದೇ ಜಗಲಿಯ ಮೂಲೆಯಲ್ಲಿ ಇನ್ನೊಬ್ಬನೂ ಕುಳಿತಿರುತ್ತಾನೆ. ಅವನು ಹೂಂ ಎನ್ನುವುದಿಲ್ಲ, "ಅದು ಹೇಗಾದೀತು?" ಎನ್ನುತ್ತಾನೆ. ಹೇಳುವವನಿಗೆ ಇವನ ಮೇಲೆ ಸಿಟ್ಟು, ಕೇಳುವವರಿಗೆ ಬೇಸರ. ಆದರೂ ವಿಜ್ಞಾನವು ಹುಟ್ಟಿದ್ದು ಈ ಎರಡನೆಯವನ ಬಾಯಿಂದಲೇ ಎನ್ನಬೇಕು.

೨೦೧೪ರ ನವೆಂಬರಿನಲ್ಲಿ ತೆರೆಗೆ ಬಂದ 'ಇಂಟರ್‌ಸ್ಟೆಲ್ಲರ್' ಎಂಬ ಇಂಗ್ಲಿಷ್ ಚಲನಚಿತ್ರವು ಈ ಇಬ್ಬರಿಗೂ ಸಮನಾಗಿ ಕೆಲಸ ಕೊಟ್ಟಿದೆ. ಕ್ರಿಸ್ಟೊಫರ್ ನೋಲನ್ ನಿರ್ದೇಶಿಸಿದ ಈ ಚಿತ್ರಕ್ಕೆ ೨೦೧೫ರಲ್ಲಿ ದೃಶ್ಯಚಮತ್ಕಾರಕ್ಕಾಗಿ ಆಸ್ಕರ್ ಪಾರಿತೋಷಕ ದೊರೆಯಿತು. ೨೦೨೫ರ ಫೆಬ್ರವರಿಯಲ್ಲಿ ಅದು ಭಾರತದಲ್ಲಿ ಮತ್ತೊಮ್ಮೆ ತೆರೆಕಂಡಿತು. ಕಣ್ಣಿಗೆ ಹಬ್ಬವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದೀಪ ಹೊತ್ತಿಕೊಂಡು, ಪ್ರೇಕ್ಷಕನು ಹೊರಗೆ ಬಂದು ಗಾಳಿಗೆ ಮುಖವೊಡ್ಡಿದ ಮೇಲೆ, ಅವನ ತಲೆಯಲ್ಲಿ ಪ್ರಶ್ನೆಗಳು ಒಂದರ ಹಿಂದೊಂದು ಏಳುತ್ತವೆ.

ಕಥೆ ನಡೆಯುವುದು ಮುಂದಿನ ಕಾಲದಲ್ಲಿ. ಭೂಮಿಯ ಬೆಳೆಗಳಿಗೆಲ್ಲ ಅಂಗಮಾರಿ ರೋಗ ತಗುಲಿದೆ. ಗೋಧಿ ಹೋಗಿದೆ, ಬೆಂಡೆಯ ಕೊನೆಯ ಕೊಯಿಲು ನಡೆಯುತ್ತಿದೆ, ಉಳಿದಿರುವುದು ಮುಸುಕಿನ ಜೋಳ ಮಾತ್ರ. ಊರುಗಳ ಮೇಲೆ ಧೂಳಿನ ಬಿರುಗಾಳಿ ಬೀಸುತ್ತಿದೆ. ಹಿಂದೆ ವಿಮಾನ ಚಾಲಕನಾಗಿದ್ದು ಈಗ ರೈತನಾಗಿರುವ ಕೂಪರ್ ಎಂಬವನು ತನ್ನ ಮಕ್ಕಳನ್ನು ಬಿಟ್ಟು, ಮನುಷ್ಯರು ಬದುಕಬಲ್ಲ ಬೇರೊಂದು ನೆಲವನ್ನು ಹುಡುಕಲು ಹೊರಡುತ್ತಾನೆ. ಶನಿಗ್ರಹದ ಬಳಿ ಯಾರೋ ತೆರೆದಿಟ್ಟಿರುವ ಆಕಾಶದ ಸುರಂಗವೊಂದನ್ನು ಹೊಕ್ಕು, ಗಾರ್ಗಾಂಟುವಾ ಎಂಬ ಮಹಾ ಕಪ್ಪುಕುಳಿಯನ್ನು ಸುತ್ತುವ ಗ್ರಹಗಳ ಮೇಲೆ ಇಳಿಯುತ್ತಾನೆ. ಕಪ್ಪುಕುಳಿಯೆಂದರೆ, ಬೆಳಕು ಕೂಡ ತಪ್ಪಿಸಿಕೊಂಡು ಹೊರಬರಲಾರದಷ್ಟು ಬಲವಾದ ಗುರುತ್ವಾಕರ್ಷಣೆಯುಳ್ಳ ಕಾಯ.

ಈ ಕಥೆಗೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ನೆಲದ ಮೇಲೆ ನಿಂತು ಪ್ರಶ್ನೆಗಳನ್ನು ಹಾಕೋಣ. ಈ ಎರಡು ತಾಲ್ಲೂಕುಗಳನ್ನು ಸುಮ್ಮನೆ ಆರಿಸಿಕೊಂಡದ್ದಲ್ಲ. ಚಿತ್ರದಲ್ಲಿ ಕಲ್ಪನೆಯಾಗಿ ಬರುವ ಎರಡು ವಿಪತ್ತುಗಳಿಗೆ ಹೋಲುವಂಥವು ಇಲ್ಲಿ ನಿಜವಾಗಿಯೇ ನಡೆದಿವೆ. ನಂಜನಗೂಡಿನ ರಸಬಾಳೆಯನ್ನು ರೋಗ ತಿಂದಿತು. ನರಸೀಪುರ ತಾಲ್ಲೂಕಿನ ತಲಕಾಡನ್ನು ಮರಳು ನುಂಗಿತು. ನಿಜವನ್ನು ಕಂಡ ನೆಲದಲ್ಲಿ ನಿಂತು ಕಲ್ಪನೆಯನ್ನು ಪರೀಕ್ಷಿಸುವುದು ಸುಲಭ.

ತೋರಿಕೆಯ ಕುಳಿಗಳು

ಪ್ರೇಕ್ಷಕರನ್ನು ಎಲ್ಲಕ್ಕಿಂತ ಹೆಚ್ಚಾಗಿ ತಬ್ಬಿಬ್ಬುಗೊಳಿಸುವ ಸಂಗತಿಯಿಂದಲೇ ಆರಂಭಿಸೋಣ. ಕಪ್ಪುಕುಳಿಗೆ ತೀರ ಸಮೀಪದಲ್ಲಿರುವ ನೀರಿನ ಗ್ರಹವೊಂದರ ಮೇಲೆ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ೭ ವರ್ಷಗಳು ಕಳೆಯುತ್ತವೆಂದು ಕಥೆ ಹೇಳುತ್ತದೆ. ಕೂಪರನು ಅಲ್ಲಿ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಇದ್ದು ಮೇಲಿನ ನೌಕೆಗೆ ಹಿಂದಿರುಗುವಾಗ ೨೩ ವರ್ಷಗಳು ಉರುಳಿಹೋಗಿವೆ. ಅಲ್ಲಿ ಕಾದಿದ್ದ ಸಂಗಡಿಗನ ಗಡ್ಡ ನರೆತಿದೆ. ಬ್ರಹ್ಮಲೋಕಕ್ಕೆ ಮಗಳು ರೇವತಿಯನ್ನು ಕರೆದುಕೊಂಡು ಹೋಗಿ, ಮರಳುವಷ್ಟರಲ್ಲಿ ಯುಗಗಳೇ ಸಂದುಹೋದುದನ್ನು ಕಂಡ ಕಕುದ್ಮಿ ರಾಜನ ಕಥೆಯನ್ನು ಬಲ್ಲವರಿಗೆ ಇದು ಹೊಸತೆನಿಸದು. ಆದರೆ ಪುರಾಣದ ಹೋಲಿಕೆ ವಿಜ್ಞಾನಕ್ಕೆ ಪುರಾವೆಯಾಗದು. ಪುರಾವೆ ಬೇರೆ ಕಡೆ ಇದೆ.

ಗುರುತ್ವಾಕರ್ಷಣೆ ಹೆಚ್ಚಾದ ಕಡೆ ಕಾಲ ನಿಧಾನವಾಗಿ ನಡೆಯುತ್ತದೆಂಬುದು ಐನ್‌ಸ್ಟೈನರು ೧೯೧೫ರಲ್ಲಿ ರೂಪಿಸಿದ ಸಾಪೇಕ್ಷತಾ ಸಿದ್ಧಾಂತದ ಫಲ. ಮೊಬೈಲ್ ಫೋನಿನಲ್ಲಿ ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಒಂದು ಸೆಕೆಂಡಿನ ೧೦ ಲಕ್ಷದಲ್ಲಿ ೩೮ ಭಾಗದಷ್ಟು ಮುಂದೆ ಓಡುತ್ತವೆ. ಈ ಅಲ್ಪ ವ್ಯತ್ಯಾಸವನ್ನು ಸರಿಪಡಿಸದಿದ್ದರೆ ಲೆಕ್ಕ ದಿನಕ್ಕೆ ಸುಮಾರು ೧೧ ಕಿಲೋಮೀಟರಿನಷ್ಟು ತಪ್ಪುತ್ತದೆ. ನಂಜನಗೂಡಿನ ರಥಬೀದಿಯಲ್ಲಿ ನಿಂತವನು ಮೂರು ದಿನ ತುಂಬುವುದರೊಳಗೆ ತಿರುಮಕೂಡಲಿನಷ್ಟು ದೂರ ಸರಿದುಹೋದಂತೆ ಆ ಯಂತ್ರ ಹೇಳೀತು! ಆದ್ದರಿಂದ ಕಾಲದ ಈ ಹಿಗ್ಗುವಿಕೆ ಕಥೆಯ ಕುಳಿಯಲ್ಲ, ಪ್ರಕೃತಿಯ ನಿಯಮ. ಒಂದು ಗಂಟೆ ೭ ವರ್ಷವಾಗಬೇಕಾದರೆ ಕಾಲವು ೬೦ ಸಾವಿರ ಪಟ್ಟಿಗಿಂತ ಹೆಚ್ಚು ಹಿಗ್ಗಬೇಕು. ಅದಕ್ಕೆ ಕಪ್ಪುಕುಳಿಯು ಸಾಧ್ಯವಿರುವ ಪರಮಾವಧಿ ವೇಗಕ್ಕೆ ಕೂದಲೆಳೆಯಷ್ಟು ಕಡಿಮೆಯಾಗಿ ಬುಗುರಿಯಂತೆ ತಿರುಗುತ್ತಿರಬೇಕು. ಕಷ್ಟ ಸಾಧ್ಯ, ಆದರೆ ಅಸಾಧ್ಯವಲ್ಲ.

ಅಷ್ಟು ಸಮೀಪದಲ್ಲಿ ಗ್ರಹವು ಚೂರುಚೂರಾಗಬೇಕಿತ್ತಲ್ಲವೆ ಎಂಬುದು ಎರಡನೆಯ ಪ್ರಶ್ನೆ. ಇಲ್ಲಿಯೂ ಉತ್ತರ ವಿಚಿತ್ರ. ವಸ್ತುವನ್ನು ಸೀಳುವುದು ಸೆಳೆತವಲ್ಲ, ಸೆಳೆತದಲ್ಲಿನ ಏರುಪೇರು. ಕಪ್ಪುಕುಳಿ ದೊಡ್ಡದಾದಷ್ಟೂ ಅದರ ಅಂಚಿನಲ್ಲಿ ಈ ಏರುಪೇರು ಕಡಿಮೆ. ಗಾರ್ಗಾಂಟುವಾ ೧೦ ಕೋಟಿ ಸೂರ್ಯರ ತೂಕದ್ದೆಂದು ಕಥೆ ಭಾವಿಸಿದೆ. ಸಣ್ಣ ಕಪ್ಪುಕುಳಿಯಾಗಿದ್ದರೆ ಗ್ರಹ ಉಳಿಯುತ್ತಿರಲಿಲ್ಲ. ಇಷ್ಟು ದೊಡ್ಡದರ ಬಳಿ ಉಳಿಯಬಹುದು.

ಇಷ್ಟು ಜಾಗ್ರತೆಗೆ ಕಾರಣರಾದವರು ಚಿತ್ರದ ವಿಜ್ಞಾನ ಸಲಹೆಗಾರರಾಗಿದ್ದ ಕಿಪ್ ಥಾರ್ನ್. ೨೦೧೭ರಲ್ಲಿ ನೊಬೆಲ್ ಬಹುಮಾನ ಪಡೆದ ಮೂವರು ಭೌತವಿಜ್ಞಾನಿಗಳಲ್ಲಿ ಒಬ್ಬರು. ಅವರು ಕೊಟ್ಟ ಸಮೀಕರಣಗಳನ್ನು ಲಂಡನ್ನಿನ ಚಿತ್ರತಜ್ಞರು ಗಣಕಯಂತ್ರಕ್ಕೆ ಉಣಿಸಿ ಕಪ್ಪುಕುಳಿಯ ರೂಪವನ್ನು ಬಿಡಿಸಿದರು. ಕೆಲವು ಚೌಕಟ್ಟುಗಳಿಗೆ, ಒಂದೊಂದಕ್ಕೆ, ೧೦೦ ಗಂಟೆಗಳವರೆಗೆ ಹಿಡಿಯಿತು. ಹಾಗಿದ್ದೂ ಒಂದು ಕಡೆ ಅವರು ತಿಳಿದೇ ಸತ್ಯವನ್ನು ಬದಿಗಿಟ್ಟರು. ಕಪ್ಪುಕುಳಿಯನ್ನು ಸುತ್ತುವ ಬಿಸಿ ಅನಿಲದ ತಟ್ಟೆಯು ನಮ್ಮತ್ತ ಬರುವ ಪಾರ್ಶ್ವದಲ್ಲಿ ಹೆಚ್ಚು ಬೆಳಗಬೇಕು, ಅತ್ತ ಸರಿಯುವ ಪಾರ್ಶ್ವದಲ್ಲಿ ಮಂಕಾಗಬೇಕು. ಪ್ರೇಕ್ಷಕರಿಗೆ ಗೊಂದಲವಾದೀತೆಂದು ಎರಡು ಪಾರ್ಶ್ವಗಳನ್ನೂ ಸಮನಾಗಿಸಿದರು. ೨೦೧೯ರ ಏಪ್ರಿಲ್ ೧೦ರಂದು ಖಗೋಳವಿಜ್ಞಾನಿಗಳು ಎಂ ೮೭ ಎಂಬ ಬ್ರಹ್ಮಾಂಡದ ನಡುವಣ ಕಪ್ಪುಕುಳಿಯ ನಿಜಚಿತ್ರವನ್ನು ಮೊದಲ ಬಾರಿಗೆ ಪ್ರಕಟಿಸಿದಾಗ, ಉಂಗುರದ ಒಂದು ಪಾರ್ಶ್ವವೇ ಹೆಚ್ಚು ಹೊಳೆಯುತ್ತಿತ್ತು.

ನಿಜವಾದ ಕುಳಿಗಳು

ಇನ್ನು ಸಮಾಧಾನ ಹೇಳಲಾಗದ ಪ್ರಶ್ನೆಗಳಿಗೆ ಬರೋಣ. ನೀರಿನ ಗ್ರಹಕ್ಕೆ ಮಿಲ್ಲರ್ ಎಂಬ ಅನ್ವೇಷಕಿ ಮೊದಲೇ ಹೋಗಿದ್ದಾಳೆ. ಎಲ್ಲವೂ ಕ್ಷೇಮವೆಂಬ ಸಂಕೇತ ಅಲ್ಲಿಂದ ಬರುತ್ತಲೇ ಇದೆ. ಆ ಅನ್ವೇಷಕರು ಭೂಮಿಯನ್ನು ಬಿಟ್ಟು ೧೦ ವರ್ಷಗಳಾಗಿವೆ. ಒಂದು ಗಂಟೆಗೆ ೭ ವರ್ಷವೆಂದರೆ ಮಿಲ್ಲರಳ ಪಾಲಿಗೆ ಕಳೆದಿರುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಅಷ್ಟು ಹೊತ್ತಿನಲ್ಲಿ ಗ್ರಹವೊಂದು ವಾಸಯೋಗ್ಯವೋ ಅಲ್ಲವೋ ಎಂದು ಯಾರು ಹೇಳಬಲ್ಲರು? ಇಳಿದ ಮೇಲೆ, ಆಕೆ ಸತ್ತು ಕೆಲವೇ ನಿಮಿಷಗಳಾಗಿರಬೇಕೆಂದು ಪಾತ್ರಗಳು ಬೆರಗಾಗುತ್ತವೆ. ಈ ಭಾಗಾಕಾರವನ್ನು ಇಳಿಯುವ ಮೊದಲೇ ಮಾಡಬಹುದಿತ್ತು. ಅದೂ ಅಲ್ಲದೆ, ಅಲ್ಲಿಂದ ಹೊರಟ ರೇಡಿಯೋ ಅಲೆಗಳೂ ಅರುವತ್ತು ಸಾವಿರ ಪಟ್ಟು ಹಿಗ್ಗಿಯೇ ಮೇಲಕ್ಕೆ ತಲುಪಬೇಕು. ಅಷ್ಟು ಹಿಗ್ಗಿದ ಸಂಕೇತವನ್ನು ಕಂಡೊಡನೆ ಗುಟ್ಟು ರಟ್ಟಾಗಬೇಕಿತ್ತು.

ಎರಡನೆಯದು ರಾಕೆಟ್ಟಿನದು. ಭೂಮಿಯಿಂದ ಏಳುವಾಗ ಕೂಪರನ ನೌಕೆಗೆ ಹಂತಹಂತವಾಗಿ ಕಳಚುವ ಮಹಾ ರಾಕೆಟ್ಟು ಬೇಕಾಯಿತು. ಇದು ಸರಿಯೇ. ೨೦೨೩ರ ಜುಲೈ ೧೪ರಂದು ಚಂದ್ರಯಾನ-೩ ಹೊರಟಾಗ ಸುಮಾರು ೬೪೦ ಟನ್ ತೂಕದ ರಾಕೆಟ್ಟು ಹೊತ್ತೊಯ್ದದ್ದು ೪ ಟನ್ನಿಗೂ ಕಡಿಮೆ ತೂಕದ ನೌಕೆಯನ್ನು. ಆದರೆ ನೀರಿನ ಗ್ರಹದ ಸೆಳೆತ ಭೂಮಿಯದಕ್ಕಿಂತ ಶೇಕಡಾ ೩೦ರಷ್ಟು ಹೆಚ್ಚು ಎಂದು ಚಿತ್ರವೇ ಹೇಳುತ್ತದೆ. ಅಲ್ಲಿಂದ ಅದೇ ಪುಟ್ಟ ನೌಕೆ ಯಾವ ರಾಕೆಟ್ಟಿನ ನೆರವೂ ಇಲ್ಲದೆ ಹಕ್ಕಿಯಂತೆ ಹಾರಿಬರುತ್ತದೆ. ಅದರ ಮೇಲೆ, ಕಪ್ಪುಕುಳಿಯ ಬಳಿಗೆ ಹೋಗಿ ಬರಲು ವೇಗದಲ್ಲಿ ಮಾಡಿಕೊಳ್ಳಬೇಕಾದ ಬದಲಾವಣೆ ಬೆಳಕಿನ ವೇಗದ ಮೂರನೆಯ ಒಂದು ಪಾಲಿನಷ್ಟು ಎಂದು ಥಾರ್ನರೇ ಲೆಕ್ಕಹಾಕಿದ್ದಾರೆ. ಎಂದರೆ ಸೆಕೆಂಡಿಗೆ ೧ ಲಕ್ಷ ಕಿಲೋಮೀಟರ್. ಭೂಮಿಯ ಹಿಡಿತದಿಂದ ಬಿಡಿಸಿಕೊಳ್ಳಲು ಸೆಕೆಂಡಿಗೆ ೧೧.೨ ಕಿಲೋಮೀಟರ್ ಸಾಕು. ದೊಡ್ಡದಕ್ಕೆ ಇಂಧನ ಬೇಡ, ಚಿಕ್ಕದಕ್ಕೆ ಬೇಕು ಎಂಬ ಈ ಲೆಕ್ಕ ಯಾವ ಶಾಲೆಯಲ್ಲಿಯೂ ಕೂಡದು.

ರಸಬಾಳೆಯ ಸಾಕ್ಷ್ಯ

ಇವೆಲ್ಲ ಆಕಾಶದ ಪ್ರಶ್ನೆಗಳು. ಕಥೆಯ ಅತ್ಯಂತ ದೊಡ್ಡ ಕುಳಿ ಮಾತ್ರ ನೆಲದ ಮೇಲೆಯೇ, ಹೊಲದ ನಡುವೆಯೇ ಇದೆ. ಗೋಧಿ, ಬೆಂಡೆ, ಜೋಳಗಳನ್ನು ಒಂದೇ ರೋಗ ಅಳಿಸಿಹಾಕುವುದು ಸಾಧ್ಯವೆ?

ನಂಜನಗೂಡು ಸೀಮೆಯವರು ಇದಕ್ಕೆ ತಕ್ಕ ಸಾಕ್ಷಿಗಳು. ದೇವರಸನಹಳ್ಳಿಯ ಸುತ್ತಮುತ್ತಲ ಕಪ್ಪು ಎರೆಮಣ್ಣಿನಲ್ಲಿ ಬೆಳೆದು, ಪರಿಮಳಕ್ಕೂ ರುಚಿಗೂ ಹೆಸರಾದ ರಸಬಾಳೆಯು ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ಅಳಿವಿನ ಅಂಚಿಗೆ ಬಂತು. ಈ ಶತಮಾನದ ಮೊದಲ ದಶಕದಲ್ಲಿ ಅದಕ್ಕೆ ಜಿ.ಐ. ಎಂಬ ಭೌಗೋಳಿಕ ಮಾನ್ಯತೆ ದೊರೆಯುವ ಹೊತ್ತಿಗೆ, ತೋಟಗಳು ಬಹುಮಟ್ಟಿಗೆ ಬರಿದಾಗಿದ್ದವು. ಫ್ಯುಸೇರಿಯಂ ಎಂಬ ಶಿಲೀಂಧ್ರವು ಮಣ್ಣಿನಲ್ಲಿ ಅಡಗಿದ್ದು, ಬೇರಿನ ಮೂಲಕ ಗಿಡವನ್ನು ಹೊಕ್ಕು, ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ನೀರಿದ್ದೂ ಗಿಡ ಬಾಯಾರಿ ಸಾಯುತ್ತದೆ. ಎಲೆ ಹಳದಿಯಾಗಿ ಮುರಿದು ಜೋಲುತ್ತದೆ. ಒಮ್ಮೆ ನೆಲಕ್ಕೆ ಸೇರಿದ ಶಿಲೀಂಧ್ರ ದಶಕಗಳ ಕಾಲ ಉಳಿಯುತ್ತದೆ.

ಇಷ್ಟು ಕ್ರೂರವಾದ ರೋಗವೂ ಮಾಡದೆ ಬಿಟ್ಟದ್ದೇನು ಎಂಬುದನ್ನು ಗಮನಿಸಬೇಕು. ರಸಬಾಳೆ ಸೊರಗಿದ ಅದೇ ನೆಲದಲ್ಲಿ ಬತ್ತ ಬೆಳೆಯಿತು, ಕಬ್ಬು ಬೆಳೆಯಿತು. ಬಾಳೆಯ ಕುಲದಲ್ಲಿಯೇ ಪಚ್ಚಬಾಳೆಯು ರೋಗದ ಆ ತಳಿಯನ್ನು ತಡೆದುಕೊಂಡಿತು. ಜಗತ್ತಿನ ಪೇಟೆಯನ್ನಾಳುತ್ತಿದ್ದ ಗ್ರೋ ಮಿಷೆಲ್ ಎಂಬ ಬಾಳೆಯನ್ನು ಇದೇ ರೋಗ ೧೯೫೦ರ ದಶಕದ ಹೊತ್ತಿಗೆ ನೆಲಕಚ್ಚಿಸಿದಾಗ, ಪಚ್ಚಬಾಳೆಯ ಬಳಗದ ಕ್ಯಾವೆಂಡಿಷ್ ಆ ಸ್ಥಾನಕ್ಕೆ ಬಂದದ್ದೂ ಇದೇ ಕಾರಣದಿಂದ. ಕೀಲಿಗೂ ಬೀಗಕ್ಕೂ ಇರುವಂಥ ಸಂಬಂಧ ರೋಗಕ್ಕೂ ಗಿಡಕ್ಕೂ ಉಂಟು. ಒಂದು ಕೀಲಿ ಊರಿನ ಎಲ್ಲ ಬೀಗಗಳನ್ನೂ ತೆರೆಯಲಾರದು. ಕಾಲಕ್ರಮದಲ್ಲಿ ಹೊಸ ಕೀಲಿ ಹುಟ್ಟಬಹುದು. ಇಂದು ಕ್ಯಾವೆಂಡಿಷನ್ನೂ ಕಾಡುವ ಹೊಸ ತಳಿ ಅನೇಕ ದೇಶಗಳಲ್ಲಿ ಹರಡುತ್ತಿದೆ. ಆದರೆ ಹುಲ್ಲಿನ ಜಾತಿಯ ಗೋಧಿಯನ್ನೂ ದಾಸವಾಳದ ಬಳಗದ ಬೆಂಡೆಯನ್ನೂ ಒಂದೇ ಏಟಿಗೆ ಅಳಿಸುವ ರೋಗಕ್ಕೆ ಕಥೆಗಾರನು ಕಾರಣ ಹೇಳಬೇಕಾಗಿತ್ತು. ಅವನು ಹೇಳಲಿಲ್ಲ.

ಹೇಳಿದ ಒಂದು ಕಾರಣವೂ ನಿಲ್ಲುವುದಿಲ್ಲ. ಈ ಅಂಗಮಾರಿಯು ಸಾರಜನಕವನ್ನು ಉಸಿರಾಡಿ ಬೆಳೆಯುತ್ತದೆ, ಅದರಿಂದ ಗಾಳಿಯಲ್ಲಿ ಆಮ್ಲಜನಕ ಕುಗ್ಗಿ, ಹಸಿವಿನಿಂದ ಉಳಿದವರು ಉಸಿರುಕಟ್ಟಿ ಸಾಯುವರೆಂದು ಚಿತ್ರದ ಪ್ರಾಧ್ಯಾಪಕ ಬ್ರ್ಯಾಂಡ್ ಎಚ್ಚರಿಸುತ್ತಾನೆ. ಗಾಳಿಯಲ್ಲಿ ಶೇಕಡಾ ೭೮ರಷ್ಟು ಸಾರಜನಕವಿರುವುದು ನಿಜ. ಆದರೆ ಅದರ ಪರಮಾಣುಗಳ ಜೋಡಿ ಬಹಳ ಬಿಗಿ. ಅವರೆ, ಹುರುಳಿಗಳ ಬೇರಿನ ಗಂಟುಗಳಲ್ಲಿರುವ ಜೀವಾಣುಗಳು ಅದನ್ನು ಬಿಡಿಸಬಲ್ಲವು. ಆದರೆ ಆ ಕೆಲಸಕ್ಕೆ ಗಿಡ ಕೊಟ್ಟ ಸಕ್ಕರೆಯನ್ನು ಖರ್ಚುಮಾಡುತ್ತವೆ. ಅದು ಲಾಭದ ವ್ಯಾಪಾರವಲ್ಲ. ಇನ್ನು ಆಮ್ಲಜನಕದ ಮಾತು. ಭೂಮಿಯ ಮೇಲಿನ ಗಿಡಮರಗಳನ್ನೂ ಮಣ್ಣಿನಲ್ಲಿರುವ ಕೊಳೆತ ಸಸ್ಯಾಂಶವನ್ನೂ ಪೂರ್ತಿಯಾಗಿ ಸುಟ್ಟುಬಿಟ್ಟರೂ ಗಾಳಿಯ ಆಮ್ಲಜನಕದಲ್ಲಿ ನೂರರಲ್ಲಿ ಒಂದು ಪಾಲು ಕೂಡ ಕಡಿಮೆಯಾಗದು. ಆ ಸಂಗ್ರಹ ಕೋಟಿ ಕೋಟಿ ವರ್ಷಗಳ ಗಳಿಕೆ. ಬೆಳೆ ಹೋದರೆ ಮನುಷ್ಯನು ಹಸಿವಿನಿಂದ ಸತ್ತಾನು; ಕೂಪರನ ಮಗಳ ಆಯುಷ್ಯದಲ್ಲಿ ಉಸಿರುಕಟ್ಟಿ ಸಾಯಲಾರನು.

ಮರಳು, ಧೂಳು ಮತ್ತು ಶಾಪ

ಚಿತ್ರದ ಧೂಳು ಮಾತ್ರ ಬರಿಯ ಕಲ್ಪನೆಯಲ್ಲ. ೧೯೩೦ರ ದಶಕದಲ್ಲಿ ಅಮೆರಿಕದ ನಡುನಾಡಿನ ಬಯಲುಗಳಲ್ಲಿ ಹುಲ್ಲುಗಾವಲನ್ನು ಉತ್ತು ಬರಿದುಮಾಡಿದ್ದರು. ಮೇಲೆ ಬರಗಾಲ ಬಂತು. ಮಣ್ಣು ಗಾಳಿಗೆ ಎದ್ದು ಆಕಾಶವನ್ನೇ ಮುಚ್ಚಿತು. ಅದನ್ನು ಅನುಭವಿಸಿದ ವೃದ್ಧರ ನಿಜವಾದ ಹೇಳಿಕೆಗಳನ್ನೇ ಚಿತ್ರದ ಆರಂಭದಲ್ಲಿ ಬಳಸಿದ್ದಾರೆ.

ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿ ಇದಕ್ಕೊಬ್ಬ ಸೋದರನಿದ್ದಾನೆ. ಗಂಗರ ರಾಜಧಾನಿಯಾಗಿ ಮೆರೆದ ಆ ಊರಿನ ಪಾತಾಳೇಶ್ವರ, ಮರಳೇಶ್ವರ ಮೊದಲಾದ ದೇವಾಲಯಗಳು ಕಾವೇರಿಯ ಮರಳಿನಲ್ಲಿ ಹೂತುಹೋದವು. ಪಂಚಲಿಂಗ ದರ್ಶನದ ಕಾಲಕ್ಕೆ ಮರಳನ್ನು ತೆಗೆದು ದಾರಿ ಮಾಡುತ್ತ ಬಂದಿದ್ದಾರೆ. ಮರಳಿಗೂ ಧೂಳಿಗೂ ಭೇದವುಂಟು. ಮರಳಿನ ಕಣ ದಪ್ಪ. ಗಾಳಿ ಅದನ್ನು ಎತ್ತಿದರೂ ನೆಲದ ಸಮೀಪದಲ್ಲಿ ಕುಪ್ಪಳಿಸುತ್ತ ದಿಣ್ಣೆಯಾಗಿ ತೆವಳುತ್ತದೆ. ಧೂಳಿನ ಕಣ ನವುರು, ಮೈಲಿಗಟ್ಟಲೆ ತೇಲುತ್ತದೆ. ಮರಳು ಊರನ್ನು ಹೂಳುತ್ತದೆ; ಧೂಳು ಉಸಿರನ್ನು ಕಟ್ಟುತ್ತದೆ.

ತಲಕಾಡು ಏಕೆ ಮರಳಾಯಿತು ಎಂದು ಕೇಳಿದರೆ, ಶ್ರೀರಂಗಪಟ್ಟಣದ ಅಲಮೇಲಮ್ಮನ ಶಾಪವೆಂಬ ಉತ್ತರ ನಾಲ್ಕು ನೂರು ವರ್ಷಗಳಿಂದ ಸಿದ್ಧವಾಗಿದೆ. ಆ ಕಥೆಯ ಕರುಣೆಗೆ ಮನಸ್ಸು ಕರಗುತ್ತದೆ. ಆದರೆ ಶಾಪವೆಂಬುದು 'ಯಾರಿಂದ' ಎಂಬುದಕ್ಕೆ ಉತ್ತರ. 'ಹೇಗೆ' ಎಂಬುದಕ್ಕೆ ಉತ್ತರವಲ್ಲ. ಈ 'ಹೇಗೆ' ಎಂಬುದನ್ನು ಹಿಡಿದು ಹೊರಟವರಲ್ಲಿ ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ. ಎನ್. ಗಣೇಶಯ್ಯನವರು ಒಬ್ಬರು. ವಿಜಯನಗರದ ಕಾಲದಲ್ಲಿ ಮಾಧವಮಂತ್ರಿ ಕಾವೇರಿಗೆ ಕಟ್ಟಿಸಿದ ಅಣೆಕಟ್ಟಿನಿಂದ ಕೆಳಗಿನ ಹರಿವು ತಗ್ಗಿ, ನದೀಪಾತ್ರದ ಮರಳು ಬಯಲಾಗಿ, ಗಾಳಿ ಅದನ್ನು ಊರಿನ ಮೇಲೆ ಸುರಿದಿರಬೇಕೆಂಬುದು ಅವರ ವಾದ. ವಾದವನ್ನು ಒಪ್ಪಬಹುದು, ಬಿಡಬಹುದು. ಆದರೆ ಅದನ್ನು ಅಳೆಯಬಹುದು, ಅಗೆದು ನೋಡಬಹುದು. ಶಾಪವನ್ನು ಹಾಗೆ ನೋಡಲಾಗದು.

ಈಗ ಚಿತ್ರದ ಹೊಲಕ್ಕೆ ಮರಳೋಣ. ಅಲ್ಲಿನ ಅಂಗಮಾರಿಯೂ ಒಂದು ಶಾಪದಂತೆ ಬಂದಿದೆ. ಎಲ್ಲಿಂದ ಬಂತು, ಯಾವ ಜೀವಿಯಿಂದ ಬಂತು, ಅದನ್ನು ತಡೆಯುವ ತಳಿ ಎಲ್ಲಿಯಾದರೂ ಉಳಿದಿದೆಯೆ ಎಂದು ಕೇಳುವ ಪಾತ್ರ ಮುಖ್ಯಕಥೆಯಲ್ಲಿ ಒಂದೂ ಇಲ್ಲ. ಪ್ರಯೋಗಶಾಲೆಯಲ್ಲಿ ಒಣಗುತ್ತಿರುವ ಜೋಳವನ್ನು ಕ್ಷಣಕಾಲ ತೋರಿಸಿ ಕಥೆ ಮುಂದೆ ಓಡುತ್ತದೆ. ಬೇರೊಂದು ಬ್ರಹ್ಮಾಂಡಕ್ಕೆ ಹಾರಬಲ್ಲವರು ಕಾಲಡಿಯ ಮಣ್ಣನ್ನು ಹಿಡಿಯಷ್ಟು ಎತ್ತಿ ನೋಡಲಿಲ್ಲ.

ಇನ್ನೂ ಮುಚ್ಚದ ಕುಳಿಗಳು

ಕಥೆಗಾರನ ತಪ್ಪೆನ್ನಲಾಗದ ಮೂರನೆಯ ಬಗೆಯ ಪ್ರಶ್ನೆಗಳೂ ಇವೆ. ಅವಕ್ಕೆ ವಿಜ್ಞಾನವೇ ಇನ್ನೂ ಉತ್ತರ ಕೊಟ್ಟಿಲ್ಲ. ಶನಿಯ ಬಳಿಯ ಸುರಂಗವನ್ನು ತೆರೆದವರು ಮುಂದಿನ ಕಾಲದ ಮನುಷ್ಯರೇ ಎಂದು ಕಥೆಯ ಕೊನೆಯಲ್ಲಿ ತಿಳಿಯುತ್ತದೆ. ಆದರೆ ಸುರಂಗವಿಲ್ಲದಿದ್ದರೆ ಆ ಮನುಷ್ಯರು ಉಳಿಯುತ್ತಲೇ ಇರಲಿಲ್ಲ! ನಮ್ಮ ತರ್ಕಶಾಸ್ತ್ರಜ್ಞರಿಗೆ ಬೀಜವೃಕ್ಷ ನ್ಯಾಯ ಚೆನ್ನಾಗಿ ಗೊತ್ತು. ಅಲ್ಲಿ ಪ್ರತಿಯೊಂದು ಬೀಜಕ್ಕೂ ಅದಕ್ಕಿಂತ ಹಿಂದಿನ ಮರವೊಂದುಂಟು. ಇಲ್ಲಿ ಮರವು ತನ್ನ ಬೀಜವನ್ನು ತಾನೇ ಹಿಂದಕ್ಕೆ ಹೋಗಿ ಬಿತ್ತಿದಂತಾಗಿದೆ. ಇಂಥ ಕಾಲಚಕ್ರಕ್ಕೆ ಪ್ರಕೃತಿ ಎಡೆಗೊಡದೆಂದು ಸ್ಟೀಫನ್ ಹಾಕಿಂಗ್ ೧೯೯೨ರಲ್ಲಿ ಊಹಿಸಿದರು; ಸಿದ್ಧಪಡಿಸಲು ಯಾರಿಂದಲೂ ಆಗಿಲ್ಲ.

ಆಕಾಶದ ಸುರಂಗದ ಚರಿತ್ರೆಯೂ ಸ್ವಾರಸ್ಯವಾಗಿದೆ. 'ಕಾಂಟ್ಯಾಕ್ಟ್' ಎಂಬ ಕಾದಂಬರಿಯನ್ನು ಬರೆಯುತ್ತಿದ್ದ ಕಾರ್ಲ್ ಸಾಗನ್, ತಮ್ಮ ನಾಯಕಿಯನ್ನು ದೂರದ ನಕ್ಷತ್ರಕ್ಕೆ ಕಳುಹಿಸುವ ಬಗೆ ವಿಜ್ಞಾನಕ್ಕೆ ಒಪ್ಪುವುದೆ ಎಂದು ಥಾರ್ನರನ್ನು ಕೇಳಿದರು. ಕಾದಂಬರಿ ೧೯೮೫ರಲ್ಲಿ ಹೊರಬಂತು. ಆ ಪ್ರಶ್ನೆಯನ್ನು ಬೆನ್ನಟ್ಟಿದ ಥಾರ್ನ್ ಮತ್ತು ಅವರ ಶಿಷ್ಯ ಮೈಕೆಲ್ ಮಾರಿಸ್ ೧೯೮೮ರಲ್ಲಿ ಇಂಥ ಸುರಂಗಗಳ ಮೇ‌ಲೆ ಒಂದು ಪ್ರಬಂಧವನ್ನು ಪ್ರಕಟಿಸಿದರು. ಕಥೆಯ ಕುಳಿಯೊಂದನ್ನು ಮುಚ್ಚಹೊರಟ ಪ್ರಶ್ನೆ ಭೌತವಿಜ್ಞಾನದಲ್ಲಿ ಹೊಸ ಹಾದಿ ತೆರೆಯಿತು.

ನಮ್ಮವರೇ ಕೇಳಿದ ಪ್ರಶ್ನೆಯೊಂದನ್ನು ಇಲ್ಲಿ ನೆನೆಯಬೇಕು. ಕನ್ನಡದ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ, ಮೈಸೂರು ವಿಶ್ವವಿದ್ಯಾನಿಲಯದ ಪದವೀಧರ ಸಿ. ವಿ. ವಿಶ್ವೇಶ್ವರ ಅವರು, ಕಪ್ಪುಕುಳಿಯು ಬರಿಯ ಗಣಿತವೆಂದು ಅನೇಕರು ಭಾವಿಸಿದ್ದ ಕಾಲದಲ್ಲಿ, ಅದನ್ನು ತಟ್ಟಿದರೆ ಏನಾದೀತು ಎಂದು ಕೇಳಿಕೊಂಡರು. ೧೯೭೦ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ, ಅದು ಘಂಟೆಯಂತೆ ಮೊಳಗಿ ಕ್ರಮವಾಗಿ ಅಡಗಬೇಕು. ದೇವಸ್ಥಾನದ ಘಂಟೆಯ ನಾದದಿಂದ ಅದರ ಗಾತ್ರವನ್ನು ಊಹಿಸುವಂತೆ, ಆ ಮೊಳಗಿನಿಂದ ಕಪ್ಪುಕುಳಿಯ ತೂಕವನ್ನು ಅರಿಯಬಹುದು. ೨೦೧೫ರ ಸೆಪ್ಟೆಂಬರ್ ೧೪ರಂದು ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದ ಅಲೆಗಳು ಅಮೆರಿಕದ ಲೈಗೋ ಉಪಕರಣಗಳಿಗೆ ಮುಟ್ಟಿದಾಗ, ಆ ಲೆಕ್ಕಕ್ಕೆ ಹೊಂದುವ ಮೊಳಗು ಅಲ್ಲಿತ್ತು. ೨೦೧೬ರ ಫೆಬ್ರವರಿಯಲ್ಲಿ ಈ ವಾರ್ತೆ ಹೊರಬಿತ್ತು. ಮರುವರ್ಷದ ಜನವರಿಯಲ್ಲಿ ವಿಶ್ವೇಶ್ವರರು ತೀರಿಕೊಂಡರು. ಕೇಳಿದ ಪ್ರಶ್ನೆಗೆ ಉತ್ತರ ಬರಲು ನಾಲ್ಕೂವರೆ ದಶಕಗಳು ಹಿಡಿದವು.

ಚಿತ್ರದ ಮೊದಲ ಭಾಗದಲ್ಲಿ, ಕೂಪರನ ಜೋಳದ ಹೊಲದ ಮೇಲೆ, ಚಾಲಕನಿಲ್ಲದ ವಿಮಾನವೊಂದು ಹಾರಿಬರುತ್ತದೆ. ಅದು ಭಾರತೀಯ ವಾಯುಪಡೆಯದು. ದೆಹಲಿಯ ನಿಯಂತ್ರಣ ಕೇಂದ್ರ ಸ್ತಬ್ಧವಾಗಿ ಹತ್ತು ವರ್ಷಗಳಾಗಿದ್ದರೂ ಬಿಸಿಲನ್ನುಂಡು ಹಾರುತ್ತಲೇ ಇದೆ. ವಿಮಾನವನ್ನು ಕಳುಹಿಸಿದ ನಾಡಿನ ಜನ ಏನಾದರು? ಕಥೆ ತಿರುಗಿಯೂ ನೋಡುವುದಿಲ್ಲ. ನಮ್ಮ ಪ್ರೇಕ್ಷಕನಿಗೆ ಸಹಜವಾಗಿಯೇ ಏಳುವ ಈ ಪ್ರಶ್ನೆಗೆ ಉತ್ತರ ಚಿತ್ರಮಂದಿರದಲ್ಲಿಲ್ಲ; ಹೊಲಗಳಲ್ಲಿದೆ. ರೋಗವಿಲ್ಲದ ಅಂಗಾಂಶದಿಂದ ಎಬ್ಬಿಸಿದ ರಸಬಾಳೆಯ ಸಸಿಗಳನ್ನು ನಂಜನಗೂಡಿನ ಸುತ್ತ ಮರಳಿ ನೆಡುವ ಪ್ರಯತ್ನ ಶಾಪಕ್ಕೆ ತಲೆಬಾಗದವರ ಕೆಲಸ. ಮಣ್ಣಿನಲ್ಲಿ ಶಿಲೀಂಧ್ರ ಇನ್ನೂ ಇರುವುದರಿಂದ ಗೆಲುವು ಸುಲಭವಲ್ಲ. ಕಪ್ಪುಕುಳಿಯ ಒಳಗೇನಿದೆ ಎಂಬ ಪ್ರಶ್ನೆ ಇನ್ನೂ ನೂರು ವರ್ಷ ಕಾಯಬಲ್ಲದು. ಈ ಗಿಡ ಏಕೆ ಸೊರಗಿತು ಎಂಬ ಪ್ರಶ್ನೆಯನ್ನು ಮಾತ್ರ ಎಲೆ ಹಳದಿಯಾದ ದಿನವೇ ಕೇಳಬೇಕು.